ಬಂದೂಕು ಬಿಚ್ಚುವ ಭಾನುವಾರ

ನಮ್ಮ ಸೋದರಮಾವ ಹುಲಿಯೂರುದುರ್ಗಕ್ಕೆಲ್ಲ ಹೆಸರಾದ ಬೇಟೆಗಾರರು. ಬೇಟೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಿದ್ದರು. ಕಾಡುಹಂದಿ ಹಾಗಿರಲಿ, ಹೊಲಕ್ಕಿಳಿದ ಗಿಣಿಯೂ ಅವರನ್ನು ಕಂಡು ಹೆದರಿದ್ದನ್ನು ನಾನು ನೋಡಿಲ್ಲ.

ತೊಂಬತ್ತರ ದಶಕದಲ್ಲಿ ಊರಿನ ಲೈಸೆನ್ಸುದಾರರದೆಲ್ಲ ಜೋಡಿನಳಿಗೆಯ ಕೋವಿ. ಮಾವನದು ಮಾತ್ರ ಆಟೋಮ್ಯಾಟಿಕ್, ಒಂದು ತೋಟಾ ಸಿಡಿದರೆ ಮುಂದಿನದು ತಾನಾಗಿಯೇ ಬಂದು ಕೂರುತ್ತದೆ. ಮೊದಲನೆಯದನ್ನೇ ಸಿಡಿಸದ ಮನುಷ್ಯನಿಗೆ ಎರಡನೆಯದರ ಅವಸರ ಏನಿತ್ತೋ! ಅದನ್ನು ಪ್ರತಿ ಭಾನುವಾರ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚಿ ಜೋಡಿಸಬೇಕು. ನಾನು ಶೆಟ್ಟಿಹಳ್ಳಿಯಿಂದ ಎರಡು ಬಸ್ಸು ಹತ್ತಿ ಬಾಡೂಟಕ್ಕೆಂದು ಹೋದರೆ, ಬಂದೂಕಿನ ಸೇವೆ ಮುಗಿಯುವವರೆಗೆ ಒಲೆ ಹಚ್ಚುವಂತಿರಲಿಲ್ಲ.

ಆ ಸಂಭ್ರಮವೋ, ಕೇಳಬೇಡಿ. ಅತ್ತೆ ತೋಟಾ ಡಬ್ಬಿ ಹಿಡಿದು ಜಗಲಿಗೆ ಹೋಗಬೇಕು. ಮಾವ ನಳಿಗೆಯನ್ನು ಹಿತ್ತಲ ಮಣ್ಣುಗುಡ್ಡೆಗೆ ತಿರುಗಿಸಿ, ಕುದುರೆಯ, ಅಂದರೆ ಟ್ರಿಗರಿನ, ಹತ್ತಿರ ಬೆರಳು ಸುಳಿಸದೆ, ಬೋಲ್ಟು ಹಿಂದಕ್ಕೆಳೆದು ತೋಟಾ ಕೂರುವ ಗೂಡಿಗೆ ಇಣುಕಿ, ಕಿರುಬೆರಳು ತೂರಿಸಿ ತಡವಿ, "ಖಾಲಿ" ಎನ್ನಬೇಕು. ಅತ್ತೆ ಎಣಿಸಿ, "ಹತ್ತೂ ಅವೆ" ಎನ್ನಬೇಕು. ಹೀಗೆ ಮೂರು ಸಲ. ಆಮೇಲಷ್ಟೇ ನಳಿಗೆ ಬಿಚ್ಚುವುದು.

"ಕಣ್ಣಿಗೆ ಕಾಣ್ತಾ ಇದೆಯಲ್ಲ ಮಾವ, ಬೆರಳ್ಯಾಕೆ?"

"ಕಣ್ಣು ಸುಳ್ಳು ಹೇಳ್ತದೆ ಕಣ್ಲಾ."

ಚುನಾವಣೆ ಬಂದಾಗ ಬಂದೂಕುಗಳನ್ನು ಸ್ಟೇಷನ್ನಿಗೆ ಒಪ್ಪಿಸುವುದು ರೂಢಿ. ಎಲ್ಲರೂ ಕೊಟ್ಟು, ಚೀಟಿ ಪಡೆದು ಹೋಗುತ್ತಾರೆ. ಮಾವನದು ಬೇರೆಯೇ ಹಠ. "ನೀವೂ ಒಂದಪ ಬೆರಳಿಟ್ಟು ನೋಡ್ಬುಡಿ ಸಾರ್" ಎಂದು ಒಮ್ಮೆ ಸಾಲನ್ನೇ ನಿಲ್ಲಿಸಿದರು. ದಫೇದಾರರು ಅವರನ್ನೇ ದಿಟ್ಟಿಸಿ, "ಯಜಮಾನ್ರೇ, ಓಟಿನ ಪೆಟ್ಟಿಗೆಗೂ ಹಿಂಗೇ ಬೆರಳು ಹಾಕ್ತೀರಾ?" ಅಂದರು. ನಾನು ಆ ಮಾತನ್ನು ವರ್ಷಗಟ್ಟಲೆ ಮದುವೆಮನೆಗಳಲ್ಲಿ ಹೇಳಿ ನಗಿಸಿದೆ.

ಎರಡು ಸಾವಿರದ ಈಚೆಗೆ ಒಂದು ಭಾನುವಾರ ಮಾವ "ಖಾಲಿ" ಅಂದರು. ಜಗಲಿಯಲ್ಲಿ ಅತ್ತೆ ಡಬ್ಬಿ ಸುರಿದುಕೊಂಡು ಮತ್ತೆ ಎಣಿಸಿದರು.

"ಒಂಬತ್ತೇ ಅವೆ ಕಣ್ರೀ" ಎಂದರು ಅತ್ತೆ.

"ಸರ್ಯಾಗಿ ಎಣ್ಸು." ಮಾವ ಇಣುಕುವ ಗೋಜಿಗೆ ಹೋಗದೆ ಮತ್ತೆ ಬೆರಳು ಹಾಕಿ ತಡವಿದರು. "ಏನೂ ಇಲ್ಲ."

ನನ್ನ ಹೊಟ್ಟೆ ತಾಳಹಾಕುತ್ತಿತ್ತು. ಈ ಮುದುಕರ ಜಗಳ ಬಗೆಹರಿಸೋಣವೆಂದು ಟಾರ್ಚ್ ಹಿಡಿದು ನಾನೇ ಇಣುಕಿದೆ. ಒಳಗೆ ಹಿತ್ತಾಳೆ ಹೊಳೆಯಿತು. ಚಿರತೆ ಸುದ್ದಿ ಕೇಳಿ ವಾರದ ಹಿಂದೆ ತುಂಬಿಸಿದ್ದು ಮಾವನಿಗೆ ಮರೆತೇ ಹೋಗಿತ್ತು. ತೇವಕ್ಕೆ ಊದಿಕೊಂಡ ತೋಟಾ ಬೋಲ್ಟು ಎಳೆದರೂ ಹೊರಗೆ ಬಂದಿರಲಿಲ್ಲ. ಅತ್ತೆ ಎಣಿಸದೇ ಹೋಗಿದ್ದರೆ?

ಬಂದೂಕನ್ನು ಹಾಗೆಯೇ ಗುಡ್ಡೆಯ ಕಡೆ ಮುಖಮಾಡಿ ಇಟ್ಟು, ರಿಪೇರಿಯವನನ್ನು ಕರೆಸಿದೆವು. ಅವನು ತೋಟಾ ತೆಗೆದುಕೊಟ್ಟ. ಮರುದಿನವೇ ಮಾವ ಬಂದೂಕು, ಲೈಸೆನ್ಸು ಎರಡನ್ನೂ ಒಪ್ಪಿಸಲು ಹೊರಟರು. ಬೇಡವೆನ್ನದೆ ನಾನೂ ಜೊತೆಗೆ ಹೋದೆ. ಸ್ಟೇಷನ್ನಿಂದ ಹೊರಬಂದವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಶುಗರ್ ಕಣ್ಲಾ. ವರ್ಷ ಆಯ್ತು, ಬೆರಳಿಗೆ ಏನೂ ತಿಳಿಯಾಕಿಲ್ಲ. ನಿಮ್ಮತ್ತೆಗೆ ಹೇಳಿಲ್ಲ, ಹೆದರ್ಕೋತಾಳೆ."

ಅವರ ಕೈ ಎತ್ತಿಕೊಂಡು ಒಂದೊಂದೇ ಬೆರಳನ್ನು ಒತ್ತಿದೆ.

"ಗೊತ್ತಾಗುತ್ತಾ ಮಾವ?"

"ಇಲ್ಲ ಕಣಪ್ಪ" ಎಂದರು. ನಾನು ಕೈ ಬಿಡಲು ಹೋದೆ.

"ಬುಡಬ್ಯಾಡ, ಹಿಡ್ಕೊಂಡಿರು."