ಮೈದುನರ ಕಾರೂ ಅದರ ಸೈಲೆನ್ಸರೂ

ನಿಮ್ಮ ಚಿಕ್ಕತಾತ ನಮ್ಮ ಮನೆಗೆ ಬರುವ ಸುದ್ದಿ ನನಗೆ ತಿಳಿಯುತ್ತಿದ್ದುದು ಅವರು ಚಿನ್ನಮನೂರು ಬಿಟ್ಟ ಹೊತ್ತಿಗೇ! ನಾವಿದ್ದದ್ದು ಓಡೈಪಟ್ಟಿಯಲ್ಲಿ. ನಡುವೆ ಗದ್ದೆ, ಬಾಳೆತೋಟ, ದ್ರಾಕ್ಷಿಯ ಚಪ್ಪರಗಳು. ಆದರೂ ಆ ಕಾರಿನ ಸದ್ದು ಕೇಳುತ್ತಿತ್ತು. ಕಿವಿಗೆ ಬಿದ್ದ ಕೂಡಲೇ ನಾನು ಅಕ್ಕಿ ತೊಳೆದು ಒಲೆಯ ಮೇಲಿಡುತ್ತಿದ್ದೆ. ಅವರು ಅಂಗಳದಲ್ಲಿ ಕಾರು ನಿಲ್ಲಿಸುವಾಗ ಗಂಜಿ ಬಸಿದು ಆಗಿರುತ್ತಿತ್ತು. ಇಂಥ ಉಪಕಾರ ಮಾಡುವ ಕಾರು ಇನ್ಯಾರ ಮನೆಯಲ್ಲಿತ್ತು ಹೇಳಿ?

ಚಿಕ್ಕತಾತ ಎಂದರೆ ನಿಮ್ಮ ತಾತನ ತಮ್ಮ, ನನ್ನ ಮೈದುನ. ಅವರ ಕಾರು ಕೆನೆ ಬಣ್ಣದ ಹಳೆಯ ಡೀಸೆಲ್ ಕಾರು. ಕೆನೆ ಬಣ್ಣ ಎಂದು ಅವರು ಹೇಳುತ್ತಿದ್ದರು. ಹಿಂದಿನ ಅರ್ಧ ಯಾವಾಗಲೂ ಹೊಗೆ ಹಿಡಿದು ಅಡುಗೆಮನೆಯ ಗೋಡೆಯಂತಿರುತ್ತಿತ್ತು. ಒಂದು ವಾರ ಕೊಳವೆ ತೂತಾದರೆ ಮುಂದಿನ ವಾರ ಸೈಲೆನ್ಸರ್ ಒಡೆಯುವುದು. ಅದನ್ನು ಸರಿಮಾಡಿಸಿದರೆ ಹೊಗೆ ದಟ್ಟವಾಗುವುದು. ಹೊಗೆ ಕಡಿಮೆಯಾದರೆ ಕಾರು ಮುಂದಕ್ಕೇ ಹೋಗದು!

"ಮಾರಿ ಬಿಡೋ" ಎಂದು ನಿಮ್ಮ ತಾತ ಹೇಳಿ ಹೇಳಿ ಸೋತರು.

"ಅದು ತೈ ಹಬ್ಬದ ದಿನ ನಮ್ಮನೆಗೆ ಬಂದದ್ದು ಅಣ್ಣಾ" ಎನ್ನುತ್ತಿದ್ದರು ಮೈದುನ.

ತೈ ತಿಂಗಳ ಮೊದಲ ದಿನ, ಎಂದರೆ ಸಂಕ್ರಾಂತಿಯಂದು, ಹುಟ್ಟಿದ ಕರುವನ್ನು ನಮ್ಮವರು ದೇವರ ಮಂದೆಗೆ ಬಿಡುತ್ತಾರೆ. ಅದನ್ನು ಮಾರುವ ಹಾಗಿಲ್ಲ, ಹೂಡುವ ಹಾಗಿಲ್ಲ, ಹೊಡೆಯುವ ಹಾಗಿಲ್ಲ. ಈ ಪದ್ಧತಿಯನ್ನು ಕಾರಿಗೂ ಹಚ್ಚಿದವರು ಕಂಬಂ ಕಣಿವೆಯಲ್ಲೆಲ್ಲ ನಿಮ್ಮ ಚಿಕ್ಕತಾತ ಒಬ್ಬರೇ. "ಹಾಗಿದ್ದರೆ ಅದನ್ನೂ ಮಂದೆಗೇ ಬಿಡು, ಮೇಯಲಿ" ಎಂದರು ನಿಮ್ಮ ತಾತ. ಮೈದುನ ಎರಡು ದಿನ ನಮ್ಮ ಮನೆಯಲ್ಲಿ ಊಟ ಮಾಡಲಿಲ್ಲ.

ಸೈಲೆನ್ಸರ್ ಬೀಳುವುದಂತೂ ಮಾಮೂಲು. ಕಾರಿನ ಸದ್ದು ಮೊದಲೇ ಅಷ್ಟಿದ್ದುದರಿಂದ ಬಿದ್ದದ್ದು ಓಡಿಸುವವರಿಗೆ ತಿಳಿಯುತ್ತಲೇ ಇರಲಿಲ್ಲ. ಸಿಕ್ಕಿದವರು ಇದು ಯಾರದು ಎಂದು ವಿಚಾರಿಸುತ್ತಲೂ ಇರಲಿಲ್ಲ. ನೇರ ನಮ್ಮೂರಿನ ಬಸ್ಸಿಗೆ ಹಾಕಿ ಕಳುಹಿಸುತ್ತಿದ್ದರು. ಒಂದು ಮಧ್ಯಾಹ್ನ ಕಂಡಕ್ಟರ್ ಅದನ್ನು ಗೋಣಿಯಲ್ಲಿ ಸುತ್ತಿ ನಮ್ಮ ಬಾಗಿಲಲ್ಲಿಟ್ಟು, "ಅಕ್ಕಾ, ಇದಕ್ಕೆ ಇನ್ಮೇಲೆ ಪಾಸ್ ಮಾಡಿಸಿಬಿಡಿ, ದಿನಾ ಓಡಾಡ್ತಿದೆ" ಎಂದ.

ಕಾರು ರಿಪೇರಿಯ ಮೇಸ್ತ್ರಿಯ ಹತ್ತಿರ ಹೋಗಬಾರದೇ ಎನ್ನುತ್ತೀರಾ? ಹೋಗುತ್ತಿದ್ದರು, ಮೇಸ್ತ್ರಿಗೆ ಕಲಿಸುವುದಕ್ಕೆ! ಮೈದುನ ಹುಟ್ಟಿನಿಂದ ದ್ರಾಕ್ಷಿ ಬೆಳೆದವರು. ದ್ರಾಕ್ಷಿಯ ಬಳ್ಳಿಗೆ ಇಲ್ಲದ ರೋಗ ಲೋಕದಲ್ಲಿಲ್ಲ, ಅದರ ಮದ್ದು ಗೊತ್ತಿದ್ದವನಿಗೆ ಕಾರು ಯಾವ ಲೆಕ್ಕ ಎಂಬುದು ಅವರ ನಂಬಿಕೆ. ಜೋತುಬಿದ್ದ ಸೈಲೆನ್ಸರನ್ನು ಚಪ್ಪರದ ತಂತಿಯಿಂದ ಎತ್ತಿ ಕಟ್ಟಿದರು. ಆಮೇಲೆ ಕೊಳವೆಯಲ್ಲಿ ಬಿರುಕು ಕಂಡಿತು. ಬಳ್ಳಿ ಸವರಿದಾಗ ಗಾಯಕ್ಕೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತೇವಲ್ಲ, ಅದನ್ನೇ ಒಂದು ಬಕೆಟ್ ಕಲಸಿ ಬಿರುಕಿಗೆ ದಪ್ಪಗೆ ಮೆತ್ತಿದರು. ಬಿಸಿಲಿಗೆ ಒಣಗಿತು. ನೋಡಲು ಚೆನ್ನಾಗಿಯೇ ಇತ್ತು. ಇಂಜಿನ್ ಬಿಸಿಯಾದದ್ದೇ ತಡ, ಚಟಚಟ ಎಂದು ಸಿಡಿದು, ಹಿಂದೆ ಸೈಕಲ್ಲಿನಲ್ಲಿ ಬರುತ್ತಿದ್ದ ಶಾಲೆಯ ವಾಧ್ಯಾರರ ಬಿಳಿ ಪಂಚೆಯೆಲ್ಲ ನವಿಲಿನ ಬಣ್ಣ!

ಚಿನ್ನಮನೂರಿನ ಮೇಸ್ತ್ರಿ ಕಾರಿನ ಅಡಿಯಲ್ಲಿ ಮಲಗಿ ನೋಡಿದ. ಎದ್ದು ಬಂದು ಬಹಳ ಮರ್ಯಾದೆಯಿಂದ ಕೇಳಿದನಂತೆ, "ಅಯ್ಯಾ, ಗೊಂಚಲು ಯಾವಾಗ ಬಿಡುತ್ತೆ?"

ಹೀಗಿರುವಾಗ ನಿಮ್ಮ ತಾತ ತೀರಿಕೊಂಡರು. ವರ್ಷ ಕಳೆದ ಮೇಲೆ ನಿಮ್ಮ ಅಮ್ಮನಿಗೆ ದಿಂಡಿಗಲ್‌ನಲ್ಲಿ ಗಂಡು ಕೂಡಿಬಂತು. ಇಸವಿ ತೊಂಬತ್ತೇಳೋ ತೊಂಬತ್ತೆಂಟೋ ಇರಬೇಕು. ಮನೆಯ ಹಿರಿಯರು ಗಂಡಿನ ಮನೆಗೆ ಹೋಗಿ ಮನೆ ನೋಡಿ, ಒಪ್ಪಿಗೆಯಾದರೆ ಅಲ್ಲೇ ತಾಂಬೂಲ ಕೊಟ್ಟು ಬರಬೇಕು. ನಿಮ್ಮ ತಾತನ ಸೋದರತ್ತೆ ವ್ಯಾನು ಗೊತ್ತುಮಾಡಿದರು. ಯಾರು ಯಾರು ಹೊರಡಬೇಕೆಂದು ಬೆರಳು ಮಡಚಿದರು. ನನ್ನ ಹೆಸರು ಬರಲಿಲ್ಲ. ಗಂಡನಿಲ್ಲದವಳು ಶುಭಕ್ಕೆ ಹೊರಟವರ ಎದುರು ಬರಬಾರದಲ್ಲ! ನಾಲ್ಕು ಜನರ ನಡುವೆ ನನಗೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತೇ ಇದೆ. ಆದರೆ ನನ್ನ ಮಗಳು ಬಾಳಬೇಕಾದ ಮನೆ ಹೇಗಿದೆ, ಅಡುಗೆಮನೆಗೆ ಬೆಳಕು ಬರುತ್ತದೆಯೇ, ಅತ್ತೆಯಾಗುವವಳ ಮುಖ ಹೇಗಿದೆ, ಒಂದು ಸಲ ಕಣ್ಣಾರೆ ನೋಡಬೇಕೆಂದು ಬಹಳ ಆಸೆಯಿತ್ತು. ಮೈದುನರೊಬ್ಬರ ಹತ್ತಿರ ಮಾತ್ರ, "ನೀವಾದರೂ ಅಡುಗೆಮನೆ ನೋಡಿಕೊಂಡು ಬನ್ನಿ" ಎಂದಿದ್ದೆ.

ಅವರು ಮರುದಿನವೇ ಕಾರಿಗೆ ಹೊಗೆ ಸರ್ಟಿಫಿಕೇಟ್ ಮಾಡಿಸುತ್ತೇನೆಂದು ತೇನಿಗೆ ಹೊರಟರು. ವ್ಯಾನಿರುವಾಗ ಕಾರೇಕೆ ಎಂದು ಯಾರಿಗೂ ಅರ್ಥವಾಗಲಿಲ್ಲ. ಹೊರಡುವ ಮುಂಚೆ ಕಾರಿನ ಬಾಲದ ಕೊಳವೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಒಳಗೂ ಹೊರಗೂ ತಿಕ್ಕಿ, ಒರೆಸಿ, ಕುಂಕುಮ ಇಟ್ಟರು. ಫಳಫಳ ಹೊಳೆಯುತ್ತಿತ್ತು. ಪರೀಕ್ಷೆ ಮಾಡುವವನು ಅದರೊಳಗೆ ಕಡ್ಡಿ ತೂರಿಸಿ ಇಂಜಿನ್ ಜೋರು ಮಾಡಿಸಿದನಂತೆ. ಯಂತ್ರದ ಮುಳ್ಳು ಒಂದೇ ನೆಗೆತಕ್ಕೆ ಕೊನೆಗೆ ಹೋಗಿ ನಿಂತುಬಿಟ್ಟಿತು!

"ಹುಣಸೆಹಣ್ಣಲ್ಲಿ ತೊಳೆದಿದ್ದೆನಲ್ಲಪ್ಪಾ!" ಎಂದರು ಮೈದುನ.

"ಪಾತ್ರೆ ತೊಳೆದಿದ್ದೀರಿ ಸರಿ ಅಯ್ಯಾ, ಒಲೆಯಲ್ಲವೇ ಹೊಗೆ ಬಿಡೋದು?" ಎಂದನಂತೆ ಅವನು.

ಸರ್ಟಿಫಿಕೇಟ್ ಸಿಗಲಿಲ್ಲ. ದಿಂಡಿಗಲ್‌ಗೆ ಹೊರಡುವ ದಿನ ಬಂತು. ಬೆಳಿಗ್ಗೆ ನಾನು ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಒಳಗಿದ್ದೆ. ಮೈದುನರ ಕಾರಿಗೆ ಹತ್ತಲು ಯಾರೂ ಒಪ್ಪಲಿಲ್ಲ. ರೇಷ್ಮೆ ಸೀರೆ ಉಟ್ಟವರು ಯಾರು ಹತ್ತುತ್ತಾರೆ? ಎಲ್ಲರೂ ವ್ಯಾನಿನಲ್ಲೇ ತುಂಬಿಕೊಂಡು ಹೋದರು. ಸದ್ದಡಗಿದ ಮೇಲೆ ಬಾಗಿಲು ತಟ್ಟಿದರು ಮೈದುನ.

"ಅತ್ತಿಗೇ, ಹೊರಡಿ."

"ನಾನಾ? ನಾನು ಅವರ ಎದುರು ಬರಬಾರದಪ್ಪಾ."

"ಅವರು ಮುಂದೆ ಹೋಗಾಯ್ತು. ನನ್ನ ಕಾರು ಯಾವತ್ತಾದರೂ ಯಾರನ್ನಾದರೂ ಹಿಂದೆ ಹಾಕಿದ್ದು ನೋಡಿದ್ದೀರಾ?"

"ದಾರಿಯಲ್ಲಿ ಕಂಡವರು ಏನಂದಾರು?"

"ಆ ಹೊಗೆಯಲ್ಲಿ ಒಳಗೆ ಕೂತಿರೋದು ಯಾರು ಅಂತ ಯಾರಿಗೆ ಕಾಣುತ್ತೆ? ಸೀರೆ ಬದಲಾಯಿಸಿ ಬನ್ನಿ!"

ನಕ್ಕುಬಿಟ್ಟೆ. ನಿಮ್ಮ ತಾತ ಹೋದ ಮೇಲೆ ನಾನು ಬಾಯಿತುಂಬ ನಕ್ಕದ್ದು ಅದೇ ಮೊದಲು. ಹೋಗಿ ಮುಂದಿನ ಸೀಟಿನಲ್ಲೇ ಕುಳಿತೆ.

ಪೆರಿಯಕುಳಂ ದಾಟುವ ತನಕ ಎಲ್ಲ ಸರಿಯಿತ್ತು. ಬತ್ತಲಗುಂಡಿನ ಸರ್ಕಲ್ಲಿಗೆ ಬರುವಾಗ ಸೈಲೆನ್ಸರ್ ಒಂದು ಕಡೆ ಕಳಚಿ ರಸ್ತೆಯನ್ನು ಕೆರೆಯತೊಡಗಿತು. ಕೊಡೈಕೆನಾಲಿಗೆ ಹೊರಟ ಬಸ್ಸುಗಳೆಲ್ಲ ನಮ್ಮ ಹಿಂದೆ ನಿಂತು ಹಾರನ್ ಹೊಡೆದವು. ಮೈದುನ ಬಿಳಿ ಪಂಚೆಯಲ್ಲೇ ನೆಲಕ್ಕೆ ಮಲಗಿ, ಗೋಣಿಯ ತುಂಡಿನಿಂದ ಅದನ್ನು ಎತ್ತಿ ತಂತಿ ಸುತ್ತಲು ನೋಡಿದರು. ಅಷ್ಟರಲ್ಲಿ ಪೊಲೀಸಿನವರು ಬಂದರು.

"ಏನಯ್ಯಾ ಇದು, ಕಾರಾ, ಇಟ್ಟಿಗೆ ಗೂಡಾ? ಹೊಗೆ ಸರ್ಟಿಫಿಕೇಟ್ ಎಲ್ಲಿ?"

ಇನ್ನು ಮನೆಗೆ ಹಿಂತಿರುಗುವುದೇ ಸರಿ ಎಂದುಕೊಂಡೆ. ಮೈದುನ ಜಗಳಗಂಟರು. ಆ ಕಾರಿನ ಬಗ್ಗೆ ಒಂದು ಮಾತಾಡಿದರೆ ಅಣ್ಣನನ್ನೇ ಬಿಟ್ಟವರಲ್ಲ. ಅಂಥವರು ಎದ್ದು ನಿಂತು, ಕೀ ತೆಗೆದು, ಪೊಲೀಸಿನವರ ಕೈಗೇ ಕೊಟ್ಟುಬಿಟ್ಟರು! "ಸರ್ಟಿಫಿಕೇಟ್ ಇಲ್ಲ. ಕಾರು ಇಟ್ಕೊಳ್ಳಿ. ನಾವು ದಿಂಡಿಗಲ್ ಬಸ್ಸು ಹಿಡೀಬೇಕು" ಎಂದವರೇ ಹಿಂದಿರುಗಿ ನೋಡದೆ ನಡೆದರು.

ಬಸ್ ಸ್ಟ್ಯಾಂಡಿನಲ್ಲಿ ನಲ್ಲಿಯಿತ್ತು. "ಕೈ ತೊಳೆದುಕೊಳ್ಳಿ" ಎಂದೆ. "ಬಸ್ಸು ಹೋಗಿಬಿಡುತ್ತೆ ಅತ್ತಿಗೆ" ಎಂದರು. ಬಸ್ಸಿನಲ್ಲಿ ಎರಡು ಕೈಗಳನ್ನೂ ಎದೆಯ ಮುಂದೆ ಎತ್ತಿ ಹಿಡಿದುಕೊಂಡೇ ಬಂದರು. ಮೊಳಕೈವರೆಗೂ ಮಸಿ, ಗ್ರೀಸು.

ದಿಂಡಿಗಲ್ಲಿನ ಆ ಮನೆಯಲ್ಲಿ ಎಲ್ಲರೂ ಕಾದು ಕುಳಿತಿದ್ದರು. ಹೆಣ್ಣಿನ ತಂದೆ ಇಲ್ಲದ ಮೇಲೆ ತಾಂಬೂಲ ಚಿಕ್ಕಪ್ಪನ ಕೈಯಿಂದಲೇ ಹೋಗಬೇಕು. ನನ್ನನ್ನು ಕಂಡು ಸೋದರತ್ತೆಯ ಮುಖ ಬಿಗಿಯಿತು. ನಾನು ಗೋಡೆಗೆ ಒತ್ತಿಕೊಂಡು ನಿಂತೆ. ಅಡುಗೆಮನೆ ಅಲ್ಲಿಂದಲೇ ಕಂಡಿತು. ದೊಡ್ಡ ಕಿಟಕಿ, ಒಳ್ಳೆಯ ಬೆಳಕು. ನನಗೆ ಅಷ್ಟೇ ಸಾಕಾಗಿತ್ತು.

"ಬಾಪ್ಪಾ, ಹೊತ್ತಾಯ್ತು, ತಟ್ಟೆ ತಗೋ" ಎಂದರು ಸೋದರತ್ತೆ.

ಮೈದುನ ತಮ್ಮ ಎರಡೂ ಕೈಗಳನ್ನು ಎಲ್ಲರ ಮುಂದೆ ಚಾಚಿದರು. "ಈ ಕೈಯಲ್ಲಿ ಮಂಗಳದ ತಟ್ಟೆ ಮುಟ್ಟಲಾ ಅತ್ತೆ? ಅತ್ತಿಗೇ, ನೀವು ಹೆತ್ತವರು. ನೀವೇ ಕೊಡಿ."

ಗಂಡಿನ ತಾಯಿ, ಎಂದರೆ ನಿಮ್ಮ ಅಪ್ಪನ ಅಮ್ಮ, ಎದ್ದು ಬಂದು ನನ್ನ ಮುಂದೆ ಸೆರಗೊಡ್ಡಿ ನಿಂತರು. ವೀಳ್ಯ, ಅಡಿಕೆ, ಬಾಳೆಹಣ್ಣು, ಅರಿಶಿನ ಇದ್ದ ತಟ್ಟೆಯನ್ನು ನಾನೇ ಎತ್ತಿ ಅವರಿಗೆ ಕೊಟ್ಟೆ.

ಬಾಗಿಲ ಪಕ್ಕದಲ್ಲೇ, ನಾವು ಒಳಗೆ ಬಂದ ಜಾಗದಲ್ಲಿ, ಬಂದವರಿಗೆಂದು ಕೊಡ ತುಂಬ ನೀರು, ಚೊಂಬು, ಹೊಸ ಸೋಪು ಇಟ್ಟಿದ್ದರು. ತಟ್ಟೆ ಕೈ ಬದಲಾದ ಮೇಲೆ ನಿಮ್ಮ ಚಿಕ್ಕತಾತ ಅಲ್ಲಿಗೆ ಹೋಗಿ, ನಿಧಾನವಾಗಿ, ಒಂದೊಂದೇ ಬೆರಳು ಉಜ್ಜಿ ಕೈ ತೊಳೆದುಕೊಂಡರು.