ನನಗೆ ಸಿಕ್ಕ ಪಂಚಮಿ ರಜೆ

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಬ್ಬದ ದಿನ ಡ್ಯೂಟಿ ಮಾಡುವವರೆಲ್ಲ ತ್ಯಾಗಿಗಳಲ್ಲ. ಮನೆಯಿಂದ ತಪ್ಪಿಸಿಕೊಂಡು ಬಂದವರೂ ಅವರಲ್ಲಿ ಇರುತ್ತಾರೆ. ನಾನು ಆ ಎರಡನೆಯವರ ಪೈಕಿ. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿ ನನ್ನ ತಲೆ ಬೆಳ್ಳಗಾಗಿದೆ, ಸಂಜೆಗೆ ಕಾಲು ಊದುತ್ತವೆ, ಕೂತರೆ ಏಳಲು ಮನಸ್ಸಾಗುವುದಿಲ್ಲ. ಹೀಗಿದ್ದೂ ಹದಿನಾಲ್ಕು ವರ್ಷಗಳಿಂದ ನಾಗರಪಂಚಮಿಯ ಡ್ಯೂಟಿಗೆ ನಾನಾಗಿಯೇ ಹೆಸರು ಬರೆಸುತ್ತ ಬಂದಿದ್ದೇನೆ. ಕಿರಿಯ ಸಿಸ್ಟರ್‌ಗಳು ನನ್ನನ್ನು ದೇವತೆ ಎಂದುಕೊಂಡಿದ್ದಾರೆ. ಅಲ್ಲ ಎಂದು ತಿದ್ದುವಷ್ಟು ಒಳ್ಳೆಯವಳು ನಾನಲ್ಲ.

ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಲಗ್ನವಾಗಿ ಹೋದವರನ್ನು ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದೊಯ್ಯುತ್ತಾನೆ. ಅಲ್ಲಿ ಜೋಕಾಲಿ ಆಡುತ್ತಾರೆ, ಬಿದ್ದವರು ನನ್ನ ಹತ್ತಿರ ಬರುತ್ತಾರೆ. ಎಷ್ಟು ಜನ ಕೈ ಮುರಿದುಕೊಂಡು ಬಂದರೂ ನಮ್ಮ ಅಡುಗೆಮನೆಗಿಂತ ಆ ಕೆಲಸ ಹಗುರ. ಕಮರಿಪೇಟೆಯ ನಮ್ಮ ಮನೆಯಲ್ಲಿ ಅತ್ತೆಗೆ ಏಳು ನಮೂನೆ ಉಂಡಿ ಆಗಲೇಬೇಕು: ಶೇಂಗಾ, ಎಳ್ಳು, ಬೇಸನ್ನು, ರವೆ, ಪುಟಾಣಿ ಎಂದು ಐದು ಎಣಿಸುವಷ್ಟರಲ್ಲೇ ನನಗೆ ಸೊಂಟ ಹಿಡಿಯುತ್ತದೆ. ಆಸ್ಪತ್ರೆಯಲ್ಲಾದರೆ ಎಂಟು ತಾಸಿಗೆ ಇನ್ನೊಬ್ಬರು ಬಂದು ಬಿಡಿಸುತ್ತಾರೆ. ಮನೆಯಲ್ಲಿ ಯಾರು ಬರಬೇಕು?

ಗಿರಿಜಾ ಬಂದಳು. ಮೈದುನನ ಹೆಂಡತಿ, ಕೆಲಸದಲ್ಲಿ ಚುರುಕು, ಮಾತು ಕಡಿಮೆ. ಅವಳು ಸೊಸೆಯಾಗಿ ಬಂದ ಮರುವರ್ಷವೇ ನನ್ನಲ್ಲಿ ಸೇವಾಭಾವ ಜಾಗೃತವಾದದ್ದು. ಅವಳು ಕಟ್ಟಿದ ಉಂಡಿಗಳನ್ನು ಡಬ್ಬಿಯಲ್ಲಿ ಒಯ್ದು ವಾರ್ಡಿಗೆಲ್ಲ ಹಂಚುತ್ತಿದ್ದೆ. ನೀವ ಮಾಡೀರೇನ್ರಿ ಎಂದು ಯಾರಾದರೂ ಕೇಳಿದರೆ ಸಂಕೋಚದಿಂದ ನಗುತ್ತಿದ್ದೆ. ಆ ನಗುವಿಗೆ ಅವರು ಹೌದು ಎಂಬ ಅರ್ಥ ಹಚ್ಚಿಕೊಂಡರೆ ನಾನೇನು ಮಾಡಲಿ?

ಈ ವರ್ಷ ಪಂಚಮಿ ಹತ್ತಿರ ಬಂದಾಗ ಒಂದು ಮಂಡಳದವರಿಗೆ, ಹಬ್ಬದಲ್ಲೂ ದುಡಿಯುವವರನ್ನು ಸತ್ಕರಿಸಬೇಕೆಂದು ಮನಸ್ಸಾಯಿತು. ನನ್ನನ್ನೂ ಒಬ್ಬ ಆಂಬುಲೆನ್ಸ್ ಚಾಲಕರನ್ನೂ ಅಗ್ನಿಶಾಮಕ ದಳದವರೊಬ್ಬರನ್ನೂ ವೇದಿಕೆಯ ಮೇಲೆ ಸಾಲಾಗಿ ಕೂಡಿಸಿದರು. ಮೂವರೂ ಡ್ಯೂಟಿ ಮುಗಿಸಿ ನೇರ ಬಂದವರು. ಭಾಷಣದವರು ಮುಕ್ಕಾಲು ತಾಸು ತ್ಯಾಗದ ಮೇಲೆ ಮಾತಾಡಿದರು, ಚಾಲಕರು ಕೂತಲ್ಲೇ ತೂಕಡಿಸಿದರು. ಪಾಪ, ಅವರದು ನಿಜವಾದ ದಣಿವು. ಕೊನೆಗೆ ನಮ್ಮ ದೊಡ್ಡ ಡಾಕ್ಟರರು ಮೈಕ್ ಹಿಡಿದು, ಈ ಪಂಚಮಿಗೆ ಸಿಸ್ಟರ್ ಮನೆಯಲ್ಲೇ ಇರಬೇಕು, ಇದು ನನ್ನ ಆಜ್ಞೆ ಎಂದು ಸಾರಿಬಿಟ್ಟರು. ಎಲ್ಲರೂ ಚಪ್ಪಾಳೆ ಹೊಡೆದರು. ನಾಳೆ ಕೈಕಾಲು ಹಿಡಿದಾದರೂ ಆ ರಜೆ ರದ್ದು ಮಾಡಿಸಬೇಕೆಂದುಕೊಂಡು ಶಾಲು ಹೊದ್ದೇ ಮನೆಗೆ ಬಂದೆ.

ಸನ್ಮಾನ ನೋಡಲು ಬಂದಿದ್ದ ನನ್ನ ಗಂಡ ಅಲ್ಲಿಂದಲೇ ಫೋನ್ ಮಾಡಿ ಮನೆಗೆ ಸುದ್ದಿ ಮುಟ್ಟಿಸಿದ್ದರು. ಗಿರಿಜಾ ಪಡಸಾಲೆಯಲ್ಲಿ ಕೂತು ಚೀಲಕ್ಕೆ ಸೀರೆ ತುಂಬುತ್ತಿದ್ದಳು. ಎಲ್ಲಿಗೆ ಎಂದೆ.

“ಶಿರಗುಪ್ಪಿಗ್ರಿ ಅಕ್ಕಾರ. ಲಗ್ನ ಆದ ಮೊದಲನೇ ವರ್ಷ ಪಂಚಮಿಗೆ ತವರಿಗೆ ಹೋಗಿದ್ದೆ ನೋಡ್ರಿ, ಆಮ್ಯಾಲೆ ಇಲ್ಲ. ನೀವು ಡ್ಯೂಟಿ ಮ್ಯಾಲಿರ್ತಿದ್ರಿ, ಅತ್ತಿಯವರೊಬ್ಬರ ಕಡಿಂದ ಹೆಂಗ ಆಕ್ಕೈತಿ? ಈ ಸಲ ನೀವ ಮನ್ಯಾಗಿರ್ತೀರಂತ, ಅದಕ್ಕ ನಮ್ಮಣ್ಣಗ ಬಾ ಅಂದೇನಿ.”

ದೂರುವ ದನಿಯೇ ಇರಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳ ಅಣ್ಣ ಪ್ರತಿ ವರ್ಷ ಕರೆಯಲು ಬರುತ್ತಿದ್ದ. ನಾನು ಡ್ಯೂಟಿಗೆ ಹೊರಟಾಗ ಬಾಗಿಲಲ್ಲೇ ಎದುರಾಗುತ್ತಿದ್ದ. ಆರಾಮ ಅದೀರೇನು ಎಂದು ಕೇಳಿ ನಾನು ಆಟೊ ಹತ್ತುತ್ತಿದ್ದೆ. ಅವನು ಚಹಾ ಕುಡಿದು ಒಬ್ಬನೇ ತಿರುಗಿ ಹೋಗುತ್ತಿದ್ದ ಎಂಬುದು ನನ್ನ ತಲೆಗೆ ಬಂದಿರಲೇ ಇಲ್ಲ. ನನ್ನ ತವರು ಎರಡು ಓಣಿ ಆಚೆ, ಬೇಕೆಂದಾಗ ಹೋಗಿ ಬರುವವಳು ನಾನು. ಭಾಳ ನಾಚಿಕೆಯಾಯಿತು. ರಜೆ ರದ್ದಿನ ಮಾತು ನುಂಗಿಕೊಂಡೆ.

ಪಂಚಮಿ ದಿನ ಗಿರಿಜಾ ಶಿರಗುಪ್ಪಿಯಲ್ಲಿದ್ದಳು, ನಾನು ಒಲೆಯ ಮುಂದೆ. ಅತ್ತೆ ಬಾಗಿಲಲ್ಲಿ ಕೂತು ಎರಡಾತು, ಇನ್ನ ಐದು ಎಂದು ಎಣಿಸುತ್ತಿದ್ದರು. ಬೋಗುಣಿ ಇಳಿಸಲು ಅರಿವೆ ಸಿಗದೆ ಸನ್ಮಾನದ ಶಾಲಿನಲ್ಲೇ ಹಿಡಿದು ಇಳಿಸಿದೆ. ಬೆಲ್ಲದ ಪಾಕ ಉಂಡಿ ಕಟ್ಟುವ ಮೊದಲೇ ಕಲ್ಲಾಗತೊಡಗಿತು. ದಿಕ್ಕು ತೋಚದೆ ಗಿರಿಜಾಗೆ ಫೋನ್ ಹಚ್ಚಿದೆ. ಆ ಕಡೆ ಹೆಣ್ಣುಮಕ್ಕಳ ನಗು, ಹಗ್ಗ ಜಗ್ಗುವ ಸದ್ದು.

“ನೀರಾಗ ಹನಿ ಬಿಟ್ಟು ನೋಡಿದ್ರೇನ್ರಿ ಅಕ್ಕಾರ? ಇಲ್ಲಾ? ಇರ್ರಿ, ನಾ ಈಗ ಜೋಕಾಲಿ ಮ್ಯಾಲ ಅದೇನಿ. ಇಳದ ಮ್ಯಾಲೆ ಮಾಡ್ತೇನಿ.”

ಸಂಜೆಯವರೆಗೂ ಅವಳ ಫೋನ್ ಬರಲಿಲ್ಲ. ಇಳಿಯದಿರಲಿ ಎಂದೇ ನನಗೂ ಅನಿಸಿತು. ಬೀಳದಿದ್ದರೆ ಸಾಕು, ಡ್ಯೂಟಿಯಲ್ಲಿ ನಾನಿರಲಿಲ್ಲ.

ಮರುದಿನ ರೂಢಿಯಂತೆ ಡಬ್ಬಿ ಹಿಡಿದು ವಾರ್ಡಿಗೆ ಹೋದೆ. ಕಿರಿಯ ಸಿಸ್ಟರ್ ಒಂದು ಉಂಡಿ ಕಚ್ಚಿದಳು, ದವಡೆ ಬದಲಿಸಿ ಮತ್ತೆ ಕಚ್ಚಿದಳು. ಪ್ರತಿ ವರ್ಷದ ಹಾಗಿಲ್ಲ, ಈ ಸಲ ಬೇರೆ ಯಾರಾದರೂ ಮಾಡಿದರೇ ಎಂದು ಮೆಲ್ಲಗೆ ಕೇಳಿದಳು.

“ಇಲ್ಲವಾ,” ಎಂದೆ. “ಪ್ರತಿ ವರ್ಷ ಬ್ಯಾರೆಯವರು ಮಾಡ್ತಿದ್ರು. ಈ ಸಲ ನಾ ಮಾಡೇನಿ.”

ಅವಳು ಉಂಡಿಯನ್ನು ಬದಿಗಿಟ್ಟು ಡಬ್ಬಿ ಮುಚ್ಚಿದಳು.