ಮೂವತ್ತಮೂರನ್ನು ನಲವತ್ತೈದು ಮಾಡುವ ಪೆನ್ನು

ಮುಳುಗುಗಾರರ ಕಂಪನಿಯ ಮ್ಯಾನೇಜರ್ ಸಾಹೇಬರಾದ ಮಾನ್ಯರೇ,

ಗಾಳಿ ತುಂಬುವ ಕೋಣೆಯ ಹೆಂಗಸಿನ ಸಾವಿರ ನಮಸ್ಕಾರಗಳು. ಇವತ್ತು ನನಗೆ ಉಪವಾಸ. ಬೆಳಿಗ್ಗೆ ಎದ್ದು ಮನೆ ಒರೆಸಿ, ಬಟ್ಟೆ ಒಗೆದು ಹಾಕಿ, ದೇವರ ಮುಂದೆ ದೀಪ ಹಚ್ಚಿ, ಒಂದು ಲೋಟ ನೀರು ಕುಡಿದು ಬಂದು ಇದನ್ನು ಬರೆಯುತ್ತಿದ್ದೇನೆ. ಉಪವಾಸದ ದಿನ ಸುಳ್ಳು ಬರೆಯಲು ಕೈ ಏಳುವುದಿಲ್ಲ. ಆದ್ದರಿಂದ ತಾವು ನಿನ್ನೆ ಹೇಳಿದ ಕೆಲಸ ಆಗಲಿಲ್ಲ. ಎಲ್ಲರೂ ಓದಲೆಂದು ಈ ಕಾಗದವನ್ನು ಕೋಣೆಯ ಬಾಗಿಲಿಗೇ ಅಂಟಿಸಿದ್ದೇನೆ, ಕ್ಷಮಿಸಬೇಕು.

ಹನ್ನೊಂದು ವರ್ಷದಿಂದ ನನ್ನ ಕೆಲಸ ಒಂದೇ: ಸಿಲಿಂಡರಿಗೆ ಗಾಳಿ ತುಂಬಿ, ಆಮ್ಲಜನಕ ನೂರಕ್ಕೆ ಎಷ್ಟಿದೆಯೆಂದು ಯಂತ್ರದಲ್ಲಿ ಅಳೆದು, ಅದನ್ನು ಉಸಿರಾಡುತ್ತ ಎಷ್ಟು ಆಳಕ್ಕೆ ಇಳಿಯಬಹುದೆಂದು ಕಾಗದದ ಪಟ್ಟಿಯ ಮೇಲೆ ದಪ್ಪಗೆ ಬರೆದು ಸಿಲಿಂಡರಿಗೆ ಅಂಟಿಸುವುದು. ನಿನ್ನೆಯ ಎರಡು ಸಿಲಿಂಡರಿನಲ್ಲಿ ನೂರಕ್ಕೆ ಮೂವತ್ತೆರಡು ಬಂತು. ಮೂವತ್ತಮೂರು ಮೀಟರ್ ಎಂದು ಬರೆದೆ. ರಿಪೇರಿಯಾಗಬೇಕಾದ ಜಲಾಶಯದ ಗೇಟು ಇರುವುದು ನಲವತ್ತೈದರಲ್ಲಿ. ಅಲ್ಲಿಗೆ ಆಮ್ಲಜನಕ ಕಡಿಮೆ ಮಾಡಿ ಹೀಲಿಯಂ ಬೆರೆಸಿದ ಗಾಳಿ ಬೇಕು, ಹೀಲಿಯಂ ಬರಲು ಎರಡು ದಿನ ಬೇಕು. ತಾವು ಆ ಎರಡು ದಿನವನ್ನು ಎರಡು ನಿಮಿಷಕ್ಕೆ ಇಳಿಸಿದಿರಿ: "ಗಾಳಿ ಯಾಕಮ್ಮ ಬದಲಾಯಿಸ್ತೀಯ, ಪಟ್ಟಿ ಬದಲಾಯಿಸು. ಆಮ್ಲಜನಕ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ, ಆಸ್ಪತ್ರೇಲೂ ಅದನ್ನೇ ಕೊಡ್ತಾರೆ!"

ಎಂಥ ಬುದ್ಧಿ! ಏಳನೇ ಕ್ಲಾಸಿನವರೆಗೆ ಓದಿದ ನಾನು, ಆಳದ ಒತ್ತಡಕ್ಕೆ ಸಿಕ್ಕರೆ ಅದೇ ಆಮ್ಲಜನಕ ವಿಷವಾಗುತ್ತದೆ, ಮನುಷ್ಯ ಇದ್ದಕ್ಕಿದ್ದಂತೆ ಸೆಟೆದುಕೊಂಡು ಬಾಯಿಯ ಕೊಳವೆ ಬಿಟ್ಟು ನೀರು ಕುಡಿಯುತ್ತಾನೆ ಎಂದು ತಮ್ಮದೇ ಕಂಪನಿಯ ತರಬೇತಿಯಲ್ಲಿ ಕೇಳಿ ಪೆದ್ದಿಯಂತೆ ನಂಬಿಬಿಟ್ಟಿದ್ದೆ. ತಾವೂ ಮುಂದಿನ ಸಾಲಿನಲ್ಲೇ ಕೂತಿದ್ದಿರಿ, ನಿದ್ದೆ ಬಂದಿರಬೇಕು.

ತಮ್ಮ ಪೆನ್ನಿಗೆ ಇಷ್ಟು ಶಕ್ತಿಯಿರುವಾಗ ಅದನ್ನು ಪಟ್ಟಿಯೊಂದಕ್ಕೇ ಸವೆಸುವುದು ಜಿಪುಣತನ. ದಯಮಾಡಿ ಜಲಾಶಯಕ್ಕೇ ಒಂದು ಸುತ್ತೋಲೆ ಹೊರಡಿಸಿ, ಕೆಲಸದ ವೇಳೆಯಲ್ಲಿ ಆ ಗೇಟು ಹನ್ನೆರಡು ಮೀಟರ್ ಮೇಲೆ ಬಂದು ನಿಂತಿರಬೇಕೆಂದು ತಾಕೀತು ಮಾಡಬೇಕು. ತಮ್ಮ ಸಹಿ ಬೀಳುವವರೆಗೆ ಯಾರ ಕೈಕಾಲೂ ಸೆಟೆಯಕೂಡದೆಂದು ಆಮ್ಲಜನಕಕ್ಕೂ ನೋಟೀಸು ಕೊಡಬೇಕು. ಇದ್ಯಾವುದೂ ಆಗದಿದ್ದರೆ ತಾವೇ ಆ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಮೊದಲು ಇಳಿಯಬೇಕು. ಸೊಂಟದ ಹಗ್ಗ ನಾನೇ ಹಿಡಿಯುತ್ತೇನೆ, ದೇವರಾಣೆ ಬಿಡುವುದಿಲ್ಲ.

ಇಳಿಯಬೇಕಾದವನು ನನ್ನ ಮೈದುನ. ನಾನು ಮದುವೆಯಾಗಿ ಬಂದಾಗ ಅವನಿಗೆ ಆರು ವರ್ಷ. ತಲೆ ಬಾಚಿ ಶಾಲೆಗೆ ಕಳಿಸಿದವಳು ನಾನು. ನೀರಿಗಿಳಿಯುವವರೆಲ್ಲ ತಮ್ಮ ಗಾಳಿಯನ್ನು ತಾವೇ ಇನ್ನೊಮ್ಮೆ ಅಳೆದು ನೋಡಬೇಕೆಂಬ ನಿಯಮವಿದೆ. ಅವನೊಬ್ಬ ನೋಡುವುದಿಲ್ಲ. ಎಷ್ಟು ಬೈದರೂ, "ಅತ್ತಿಗೆ ಬರ್ದಿದಾರಲ್ಲ, ಇನ್ನೇನ್ ನೋಡೋದು?" ಅನ್ನುತ್ತಾನೆ. ತಮ್ಮ ಅಪ್ಪಣೆ ಮೀರಲು ನನಗಿರುವ ಕಾರಣ ಇಷ್ಟೇ.

ಇಂತಿ ತಮ್ಮ ವಿಶ್ವಾಸಿ,
ಗಾಳಿ ಕೋಣೆಯವಳು

ಹೇಳಲು ಮರೆತೆ: ಆ ಎರಡೂ ಸಿಲಿಂಡರಿನ ಗಾಳಿಯನ್ನು ಬೆಳಿಗ್ಗೆಯೇ ಹೊರಗೆ ಬಿಟ್ಟಿದ್ದೇನೆ, ಈಗ ಅವುಗಳ ಮೇಲೆ ತಮಗಿಷ್ಟ ಬಂದ ಅಂಕಿ ಬರೆಸಬಹುದು. ತಮ್ಮ ಉತ್ತರವನ್ನು ನನಗೆ ತಂದುಕೊಡಲು ಮೈದುನನಿಗೇ ಹೇಳಬೇಕು. ಅವನು ಇವತ್ತು ದಡದಲ್ಲೇ ಇರುತ್ತಾನೆ.